ಆರ್‌ಎನ್‌ಎ ಇದೆ ಎಂದ ಮಾತ್ರಕ್ಕೆ

ನೋಡಮ್ಮ, ಸಸ್ಯಗಳ ಜೀನ್‌ಗಳ ಮೇಲೆ ಸಂಶೋಧನೆಗೆ ಹೊರಟಿದ್ದೀಯ, ತುಂಬ ಸಂತೋಷ. ಮೊದಲ ವರ್ಷವೇ ಎಲೆಯ ಆರ್‌ಎನ್‌ಎ ಎಲ್ಲವನ್ನೂ ಸೀಕ್ವೆನ್ಸಿಂಗ್‌ಗೆ ಕಳಿಸಿ, ಯಾವ ಜೀನ್ ಏರಿತು, ಯಾವುದು ಇಳಿಯಿತು ಎಂದು ಪಟ್ಟಿ ಮಾಡುತ್ತೇನೆ ಅಂದೆ. ಮಾಡು. ಆದರೆ ನೀನು ಆರಿಸಿಕೊಂಡಿರುವುದು ಕ್ಲೋರೋಪ್ಲಾಸ್ಟ್. ಅಲ್ಲಿ ಆರ್‌ಎನ್‌ಎ ಎಷ್ಟಿದೆ ಎಂದು ತಿಳಿದರೆ ಪ್ರೋಟೀನ್ ಎಷ್ಟಾಗುತ್ತದೆ ಎಂದು ತಿಳಿದಂತಾಗುವುದಿಲ್ಲ. ಆ ಎರಡರ ನಡುವೆ, ಆರ್‌ಎನ್‌ಎಯನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳಿವೆ. ನಿನ್ನ ಗಮನ ಅವುಗಳ ಮೇಲಿರಲಿ.

1986ರಲ್ಲಿ ಜಪಾನಿನವರು ತಂಬಾಕಿನ ಕ್ಲೋರೋಪ್ಲಾಸ್ಟ್‌ನ ಡಿಎನ್‌ಎಯನ್ನು ಪೂರ್ತಿ ಓದಿದರು. ಸುಮಾರು ಒಂದೂವರೆ ಲಕ್ಷ ಅಕ್ಷರ. ಪ್ರೋಟೀನ್ ಮಾಡುವ ಜೀನ್‌ಗಳು ಅಲ್ಲಿರುವುದು 80ರ ಆಸುಪಾಸು. ಉಳಿದ ಸಾವಿರಾರು ಪ್ರೋಟೀನ್‌ಗಳು ಕೋಶಕೇಂದ್ರದ ಜೀನ್‌ಗಳಿಂದ ತಯಾರಾಗಿ ಹೊರಗಿನಿಂದಲೇ ಒಳಗೆ ಬರಬೇಕು. ಹಾಗೆ ಬಂದವುಗಳಲ್ಲಿ ಒಂದು ದೊಡ್ಡ ಕುಟುಂಬಕ್ಕೆ ಪಿಪಿಆರ್ ಎಂದು ಹೆಸರು. ಇಯಾನ್ ಸ್ಮಾಲ್ ಮತ್ತು ನೇಮೋ ಪೀಟರ್ಸ್ ಅದನ್ನು 2000ದಲ್ಲಿ ಗುರುತಿಸಿದರು. ಸುಮಾರು 35 ಅಮೈನೋ ಆಮ್ಲಗಳ ಒಂದು ತುಂಡು, ಅದೇ ಮತ್ತೆ ಮತ್ತೆ ಬರುತ್ತದೆ. ಮನುಷ್ಯರಲ್ಲಿ ಇಂಥ ಪ್ರೋಟೀನ್‌ಗಳು ಬೆರಳೆಣಿಕೆಯಷ್ಟು. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ 450ರಷ್ಟು. ಅವುಗಳಲ್ಲಿ ಬಹುಪಾಲು ಕೆಲಸ ಮಾಡುವುದು ಕ್ಲೋರೋಪ್ಲಾಸ್ಟ್‌ನಲ್ಲಿ ಇಲ್ಲವೇ ಮೈಟೋಕಾಂಡ್ರಿಯದಲ್ಲಿ.

ಇವುಗಳ ಪೈಕಿ ಮೆಕ್ಕೆಜೋಳದ ಪಿಪಿಆರ್10ರ ಕಥೆಯನ್ನು ನೀನು ನಿಧಾನವಾಗಿ ಓದಬೇಕು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಆಲಿಸ್ ಬಾರ್ಕನ್ ಅವರ ಗುಂಪು 2009ರಲ್ಲಿ ಇದನ್ನು ಬಿಡಿಸಿತು. ಕ್ಲೋರೋಪ್ಲಾಸ್ಟ್‌ನಲ್ಲಿ ಹಲವು ಜೀನ್‌ಗಳು ಒಂದೇ ಉದ್ದನೆಯ ಆರ್‌ಎನ್‌ಎಯಾಗಿ ಹೊರಬಂದು ಆಮೇಲೆ ತುಂಡಾಗುತ್ತವೆ. ನಡುವೆ ಒಂದು ಕಡೆ ಕತ್ತರಿಸುವ ಕಿಣ್ವ ಇರಬೇಕು ಎಂಬ ಎಣಿಕೆಯಿತ್ತು. ಆದರೆ ಲೆಕ್ಕ ಕೂಡಲಿಲ್ಲ: ಹಿಂದಿನ ತುಂಡಿನ ಕೊನೆಯ ಇಪ್ಪತ್ತೈದರಷ್ಟು ಅಕ್ಷರಗಳೇ ಮುಂದಿನ ತುಂಡಿನ ಮೊದಲಲ್ಲೂ ಇದ್ದವು. ಒಂದೇ ಏಟಿಗೆ ಕತ್ತರಿಸಿದ್ದರೆ ಒಂದೇ ಭಾಗ ಎರಡರಲ್ಲೂ ಉಳಿಯುವುದು ಹೇಗೆ? ಪಿಪಿಆರ್10 ಆ ಅಕ್ಷರಗಳ ಮೇಲೆ ಬಿಗಿಯಾಗಿ ಕೂತಿರುತ್ತದೆ. ಆರ್‌ಎನ್‌ಎಯನ್ನು ಎರಡೂ ಕಡೆಯಿಂದ ತಿನ್ನುತ್ತ ಬರುವ ಕಿಣ್ವಗಳು ಬೇಲಿಯವರೆಗೆ ಮೇದ ದನದ ಹಾಗೆ ಅಲ್ಲಿಗೆ ನಿಲ್ಲುತ್ತವೆ. ಒಂದು ಪ್ರತಿಯಲ್ಲಿ ಈ ತುದಿ ಉಳಿಯಿತು, ಇನ್ನೊಂದು ಪ್ರತಿಯಲ್ಲಿ ಆ ತುದಿ. ಅಷ್ಟೇ ಅಲ್ಲ, ಅದು ಕೂತಾಗ ಪಕ್ಕದ ಆರ್‌ಎನ್‌ಎ ಮಡಚಿಕೊಳ್ಳದೆ ಬಿಚ್ಚಿಕೊಂಡೇ ಇರುತ್ತದೆ. ರೈಬೋಸೋಮ್‌ಗೆ ಹತ್ತಲು ಜಾಗ ಸಿಗುತ್ತದೆ. ಆ ಪ್ರೋಟೀನ್ ಇಲ್ಲದ ಸಸಿಯಲ್ಲಿ ಎಟಿಪಿ ಸಿಂಥೇಸ್ ಕಟ್ಟಿಕೊಳ್ಳುವುದಿಲ್ಲ. ಎಟಿಪಿ ಸಿಂಥೇಸ್‌ನ ಜೀನ್‌ನಲ್ಲಿ ಒಂದಕ್ಷರವೂ ಕೆಟ್ಟಿಲ್ಲ, ಆದರೂ ಗಿಡ ಉಳಿಯುವುದಿಲ್ಲ.

ಇದರಿಂದ ನಿನಗೊಂದು ನೇರ ಉಪಯೋಗ ಇದೆ. ಪ್ರೋಟೀನ್ ಕೂತ ಜಾಗದ ಚಿಕ್ಕ ಆರ್‌ಎನ್‌ಎ ತುಣುಕುಗಳು ಕೋಶದಲ್ಲಿ ಹಾಗೇ ಉಳಿದಿರುತ್ತವೆ. ಸಾಮಾನ್ಯ ಕಿಟ್‌ಗಳು ಅಷ್ಟು ಚಿಕ್ಕದನ್ನು ತೊಳೆದು ಚೆಲ್ಲಿಬಿಡುತ್ತವೆ. ಚೆಲ್ಲುವ ಮೊದಲು ಯೋಚಿಸು. ಯಾರು ಎಲ್ಲಿ ಕೂತಿದ್ದರು ಎಂಬ ಸುಳಿವು ಇರುವುದು ಅದರಲ್ಲೇ.

ಬೆಳಕಿನ ವಿಷಯವೂ ಹಾಗೇ. ಬಿಸಿಲಿಗೆ ಮೊದಲು ಹಾಳಾಗುವ ಡಿ1 ಪ್ರೋಟೀನನ್ನು ಗಿಡ ದಿನವಿಡೀ ಹೊಸದಾಗಿ ಮಾಡುತ್ತಲೇ ಇರಬೇಕು. ಬಲಿತ ಎಲೆಯನ್ನು ಬೆಳಕಿನಿಂದ ಕತ್ತಲೆಗೆ ತಂದರೆ ಕೆಲವೇ ನಿಮಿಷಗಳಲ್ಲಿ ಡಿ1ರ ಆರ್‌ಎನ್‌ಎ ಮೇಲಿನ ರೈಬೋಸೋಮ್‌ಗಳು ಇಳಿದುಹೋಗುತ್ತವೆ. ಆರ್‌ಎನ್‌ಎಯ ಪ್ರಮಾಣ ಮಾತ್ರ ಹಾಗೇ ಇರುತ್ತದೆ. ನಿನ್ನ ಪಟ್ಟಿಯಲ್ಲಿ ಆ ಜೀನಿನ ಎದುರು 'ಬದಲಾವಣೆ ಇಲ್ಲ' ಎಂದು ಬರುತ್ತದೆ. ಅದನ್ನು ನಂಬಿ ಮುಂದಿನ ಸಾಲಿಗೆ ಹೋಗಬೇಡ.

ಕಣ್ಣಿಗೆ ಕಂಡದ್ದನ್ನೇ ರೋಗ ಎಂದುಕೊಳ್ಳಬೇಡ ಅಂತಲೂ ಹೇಳಬೇಕು. 2005ರಲ್ಲಿ ಜಪಾನಿನಲ್ಲಿ ಸಿಆರ್‌ಆರ್4 ಎಂಬ ಪಿಪಿಆರ್ ಸಿಕ್ಕಿತು. ಒಂದು ಆರ್‌ಎನ್‌ಎಯ ಆರಂಭದಲ್ಲಿರುವ 'ಎಸಿಜಿ'ಯನ್ನು 'ಎಯುಜಿ' ಎಂದು ತಿದ್ದಲು ಅದು ಬೇಕೇ ಬೇಕು. ತಿದ್ದದಿದ್ದರೆ ಪ್ರೋಟೀನ್ ಆರಂಭವಾಗುವ ಗುರುತೇ ಅಲ್ಲಿಲ್ಲ. ಆದರೂ ಅದಿಲ್ಲದ ಗಿಡ ಹಸಿರಾಗಿ ಬೆಳೆಯುತ್ತದೆ. ದೀಪ ಆರಿಸಿದ ಮೇಲೆ ಎಲೆಯ ಪ್ರತಿದೀಪ್ತಿಯಲ್ಲಿ ಏಳಬೇಕಾದ ಸಣ್ಣ ಅಲೆ ಏಳುವುದಿಲ್ಲ, ಅಷ್ಟೇ. ಆ ಅಲೆಗಾಗಿ ಸಾವಿರಾರು ಗಿಡಗಳನ್ನು ಸೋಸಿದವರ ತಾಳ್ಮೆಯನ್ನು ನಾನು ಬಹಳ ಗೌರವಿಸುತ್ತೇನೆ.

ತೀರಾ ಬಿಳುಚಿದ ಗಿಡದಲ್ಲಿ ಇದಕ್ಕೆ ವಿರುದ್ಧವಾದ ಅಪಾಯ. ಕ್ಲೋರೋಪ್ಲಾಸ್ಟ್‌ನ ರೈಬೋಸೋಮ್‌ಗಳೇ ಕೆಟ್ಟರೆ ಅಲ್ಲಿನ ಆರ್‌ಎನ್‌ಎ ಪಾಲಿಮರೇಸ್ ಕೂಡ ತಯಾರಾಗದು, ಆಗ ಹತ್ತಾರು ಜೀನ್‌ಗಳು ಒಟ್ಟಿಗೆ ಏರುಪೇರಾಗುತ್ತವೆ. ಅದೆಲ್ಲವೂ ನಿನ್ನ ಪ್ರೋಟೀನಿನ ಕೆಲಸ ಎಂದು ಬರೆದುಬಿಡಲು ಮನಸ್ಸಾಗುತ್ತದೆ. ಬರೆಯಬೇಡ. ಅಷ್ಟೇ ಬಿಳುಚಿದ, ಬೇರೆ ಕಾರಣದ ಇನ್ನೊಂದು ಮ್ಯುಟೆಂಟ್ ಪಕ್ಕದಲ್ಲಿರಲಿ. ಎರಡರಲ್ಲೂ ಕಂಡದ್ದನ್ನು ಬಿಟ್ಟು, ನಿನ್ನದರಲ್ಲಿ ಮಾತ್ರ ಕಂಡದ್ದನ್ನು ಹಿಡಿ.

ಸಾಧ್ಯವಾದರೆ ಮೆಕ್ಕೆಜೋಳದಲ್ಲೇ ಕೆಲಸ ಮಾಡು. ತಳಿ ಅಭಿವೃದ್ಧಿಯ ತಾಕುಗಳಲ್ಲಿ ಬಿಳಿ ಸಸಿ ಕಂಡರೆ ಕಿತ್ತೆಸೆಯುವುದು ವಾಡಿಕೆ. ನಿನಗೆ ಬೇಕಾದದ್ದು ಅವೇ. ಕಾಳಿನಲ್ಲಿರುವ ಆಹಾರದ ಬಲದಿಂದ ಎರಡು ಮೂರು ವಾರ ಬದುಕಿ, ಕೈತುಂಬ ಎಲೆ ಕೊಡುತ್ತವೆ. ಎಲೆಯನ್ನು ಕೊಯ್ದ ಕೂಡಲೇ ದ್ರವಸಾರಜನಕಕ್ಕೆ ಹಾಕು. ಎರಡು ಟ್ಯೂಬು ಇಟ್ಟುಕೊ: ಒಂದು ಆರ್‌ಎನ್‌ಎಗೆ, ಇನ್ನೊಂದು ಪ್ರೋಟೀನ್‌ಗೆ. ಒಂದೇ ಟ್ಯೂಬಿನಷ್ಟು ಎಲೆ ಸಿಕ್ಕ ದಿನ, ಅದನ್ನೂ ಅರ್ಧ ಮಾಡು.