‘ಜುಡಿಶಿಯಸ್’ ಎಂಬ ಪದ: ಅರ್ಥ ಮತ್ತು ಪ್ರಯೋಗ

ಆಂಗ್ಲ ಭಾಷೆಯನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಮೇಲಿಂದ ಮೇಲೆ ಅದಲುಬದಲು ಮಾಡುವ ಪದಗಳು ‘ಜುಡಿಶಿಯಲ್’ ಮತ್ತು ‘ಜುಡಿಶಿಯಸ್’. ‘ನೀರಿನ ವಿವೇಚನಾಯುತ ಬಳಕೆ’ ಎಂಬುದನ್ನು ‘ಜುಡಿಶಿಯಲ್ ಯೂಸ್’ ಎಂದು ಬರೆದರೆ ನೀರು ನ್ಯಾಯಾಲಯದ ಕಟಕಟೆ ಏರಿದಂತಾಗುತ್ತದೆ. ಅಲ್ಲಿ ಸಲ್ಲುವುದು ‘ಜುಡಿಶಿಯಸ್ ಯೂಸ್’.

ಈ ಎರಡೂ ಪದಗಳು ‘ತೀರ್ಪು’ ಎಂಬರ್ಥದ ಒಂದೇ ಲ್ಯಾಟಿನ್ ಮೂಲದಿಂದ ಬಂದವು. ಮೊದಲನೆಯದು ನ್ಯಾಯಪೀಠಕ್ಕೆ ಸಂಬಂಧಿಸಿದ್ದು. ಎರಡನೆಯದು ಬುದ್ಧಿಯ ಗುಣಕ್ಕೆ ಸಂಬಂಧಿಸಿದ್ದು. ಒಂದಕ್ಕೆ ಅಧಿಕಾರ ಬೇಕು, ಇನ್ನೊಂದಕ್ಕೆ ವಿವೇಕ ಬೇಕು. ‘ಪ್ರೂಡೆಂಟ್’ ಎಂಬುದು ಮುಂಬರುವ ಅಪಾಯವನ್ನರಿತು ನಡೆಯುವವನ ವಿಶೇಷಣವಾದರೆ, ‘ಜುಡಿಶಿಯಸ್’ ಎಂಬುದು ಇರುವ ಹಲವನ್ನು ತೂಗಿ ಯುಕ್ತವಾದುದನ್ನು ಆರಿಸುವವನ ವಿಶೇಷಣ. ಆಯ್ಕೆ, ಸಲಹೆ, ನಿರ್ಣಯ, ಬಳಕೆ ಮುಂತಾದ ನಾಮಪದಗಳೊಡನೆ ಇದು ಸಹಜವಾಗಿ ಕೂಡುತ್ತದೆ.

ಈ ಗುಣದ ನಿದರ್ಶನಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಶಹಾಬಾದಿನ ಸಮೀಪದ ಮರತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದನು. ಅದರ ಹೆಸರೇ ‘ಮಿತಾಕ್ಷರ’, ಎಂದರೆ ಅಳೆದು ಆಡಿದ ಮಾತು. ವಾರಸುದಾರರನ್ನು ನಿರ್ಣಯಿಸುವ ‘ಸಪಿಂಡ’ ಪದದಲ್ಲಿನ ‘ಪಿಂಡ’ಕ್ಕೆ ಶ್ರಾದ್ಧದ ಅನ್ನವೆಂದೂ ಶರೀರವೆಂದೂ ಎರಡು ಅರ್ಥಗಳುಂಟು. ಅವನು ಶರೀರವೆಂಬ ಅರ್ಥವನ್ನು ಹಿಡಿದು ರಕ್ತಸಾಮೀಪ್ಯಕ್ಕೆ ಮಹತ್ವವಿತ್ತನು. ಬಂಗಾಳದ ‘ದಾಯಭಾಗ’ವು ಪಿಂಡದಾನದ ಅರ್ಥವನ್ನೇ ಹಿಡಿಯಿತು. ಒಂದು ಪದದ ಅರ್ಥನಿರ್ಣಯದಿಂದ ಶತಮಾನಗಳ ಕಾಲ ಅಸಂಖ್ಯ ಕುಟುಂಬಗಳ ಹೊಲಮನೆಗಳ ಹಂಚಿಕೆ ನಿಂತಿತು. ಪದಾರ್ಥವನ್ನು ಲಘುವಾಗಿ ಎಣಿಸುವವರು ಇದನ್ನು ಮನಗಾಣಬೇಕು.

ಆದರೂ ವಿವೇಚನೆಯು ಒಬ್ಬನಿಂದ, ಒಂದು ಕಾಲಕ್ಕೆ ಮುಗಿಯುವಂಥದಲ್ಲ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ಮಿತಾಕ್ಷರದ ತತ್ತ್ವವು ಗಂಡುಮಕ್ಕಳಿಗೆ ಸೀಮಿತವಾಗಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಆದ ತಿದ್ದುಪಡಿಯು ಅದನ್ನು ದೇಶದಾದ್ಯಂತ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಹಿಂದಿನವರ ತೂಕವನ್ನು ಮತ್ತೆ ತೂಗಿ ನೋಡುವುದೂ ವಿವೇಕವೇ.

ಈ ಗುಣ ಪಂಡಿತರ ಸೊತ್ತೂ ಅಲ್ಲ. ಸೇಡಂ, ಚಿಂಚೋಳಿಗಳ ಹೊಲಗಳಲ್ಲಿ ಮಣ್ಣಿನ ಹದ ಕಂಡು ತೊಗರಿ ಬಿತ್ತುವ ರೈತನೂ, ಶಹಾಬಾದ್, ವಾಡಿ, ಚಿತ್ತಾಪುರಗಳ ಗಣಿಗಳಲ್ಲಿ ಪದರವನ್ನರಿತು ಕಲ್ಲು ಎಬ್ಬಿಸುವ ಕಾರ್ಮಿಕನೂ ‘ಜುಡಿಶಿಯಸ್’ ಎಂಬ ವಿಶೇಷಣಕ್ಕೆ ಅರ್ಹರು. ಇವರಾರೂ ನ್ಯಾಯಪೀಠವೇರಿದವರಲ್ಲ. ಕನ್ನಡದ ‘ಹದವರಿತ’ ಎಂಬ ಮಾತು ಈ ಆಂಗ್ಲ ಪದಕ್ಕೆ ಬಹು ಸಮೀಪದ್ದು.

ಎಂದು ದಂಡಿಸಬೇಕು, ಎಂದು ಕ್ಷಮಿಸಬೇಕು ಎಂಬುದನ್ನು ಅಧ್ಯಾಪಕರು ಹದವರಿತು ನಿರ್ಣಯಿಸಿದರೆ, ವಿದ್ಯಾರ್ಥಿಯು ಈ ಪದದ ಅರ್ಥವನ್ನು ನಿಘಂಟಿಗಿಂತ ಮೊದಲು ಗುರುವಿನ ನಡೆಯಲ್ಲಿಯೇ ಕಲಿಯುತ್ತಾನೆ.