ಹೇಳುವುದು ಒಂದು, ಅರ್ಥ ಇನ್ನೊಂದು



ಮುಂಜಾನೆ ನಾನು ಎಂಟಕ್ಕೆ ಎದ್ದರೆ ನಮ್ಮವ್ವ, "ಯಾಕ್ರೀ ಸಾಹೇಬ್ರ, ಇಷ್ಟ್ ಲಗೂ ಎದ್ರಿ?" ಅಂತಾಳೆ. ನಾನು ಸಾಹೇಬನೂ ಅಲ್ಲ, ಲಗೂ ಎದ್ದೂ ಇಲ್ಲ. ಆದರೂ ಅವ್ವ ಸುಳ್ಳು ಹೇಳಿದಳು ಎಂದು ಯಾರೂ ಅನ್ನುವುದಿಲ್ಲ. ಹೀಗೆ ಚುಚ್ಚುವುದಕ್ಕಾಗಿ ಉಲ್ಟಾ ಆಡುವ ಮಾತಿಗೆ ಇಂಗ್ಲಿಷಿನಲ್ಲಿ ಸಾರ್ಕ್ಯಾಸಂ ಎನ್ನುತ್ತಾರೆ. ನಮ್ಮಲ್ಲಿ ಕೊಂಕು ಮಾತು, ವ್ಯಂಗ್ಯ. ಹೊಗಳಿದಂತೆ ಮಾಡಿ ತೆಗಳುವುದಕ್ಕೆ ಅಲಂಕಾರದಲ್ಲಿ ವ್ಯಾಜಸ್ತುತಿ ಎಂಬ ಹೆಸರೂ ಇದೆ.

ಇದನ್ನು ಗುರುತಿಸುವುದು ಹೇಗೆ?

1. ಆಡಿದ ಮಾತಿಗೂ ನಡೆದ ಸಂಗತಿಗೂ ಹೊಂದುವುದಿಲ್ಲ.

2. ದನಿ ಎಳೆಯುತ್ತಾರೆ, ಹುಬ್ಬು ಏರಿಸುತ್ತಾರೆ.

3. ಸಣ್ಣವರಿಗೆ ದೊಡ್ಡ ಮರ್ಯಾದೆ ಕೊಡುತ್ತಾರೆ. ದಿನಾ "ನೀ" ಎನ್ನುವ ಅವ್ವ "ರೀ" ಹಚ್ಚಿದಳೆಂದರೆ ತಿಳಿದುಕೊಳ್ಳಬೇಕು!

ಆದರೆ ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ "ಯು" ಒಂದೇ. ಅಲ್ಲಿ ಮೂರನೇ ಗುರುತು ಸಿಗುವುದಿಲ್ಲ. ಪುಸ್ತಕದಲ್ಲಿ ದನಿಯೂ ಕೇಳಿಸುವುದಿಲ್ಲ. ಆದ್ದರಿಂದ ಹಿಂದಿನ ಮುಂದಿನ ವಾಕ್ಯ ಓದಿಯೇ ಅರ್ಥ ಮಾಡಿಕೊಳ್ಳಬೇಕು.

ಐರನಿ ಇದಕ್ಕಿಂತ ದೊಡ್ಡದು. ಅದು ಮಾತಿನಲ್ಲಿ ಅಷ್ಟೇ ಅಲ್ಲ, ನಡೆದ ಸಂಗತಿಯಲ್ಲೂ ಇರುತ್ತದೆ. "ದೀಪದ ಬುಡಕ್ಕೆ ಕತ್ತಲೆ" ಎಂಬ ಗಾದೆಯಲ್ಲಿ ಇರುವುದು ಇದೇ. ಕೃಷ್ಣಾ ಮಲಪ್ರಭಾ ಕೂಡುವ ನಮ್ಮ ಸೀಮೆಯ ಕೂಡಲಸಂಗಮದ ಹೆಸರನ್ನೇ ಅಂಕಿತ ಮಾಡಿಕೊಂಡ ಬಸವಣ್ಣನವರು 12ನೇ ಶತಮಾನದಲ್ಲೇ ಇದನ್ನು ತೋರಿಸಿದ್ದಾರೆ. ಕಲ್ಲಿನ ನಾಗರಕ್ಕೆ ಹಾಲೆರೆಯುವ ಜನ ನಿಜವಾದ ಹಾವು ಕಂಡರೆ ಕೊಲ್ಲಲು ಹೊರಡುತ್ತಾರೆ ಎಂಬುದನ್ನು ಒಂದು ವಚನದಲ್ಲಿ ಹೇಳಿದ್ದಾರೆ. ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟರು, ಅಷ್ಟೇ. ತಪ್ಪು ತಾನೇ ಕಾಣಿಸಿತು.

ಈಗ ನನ್ನ ಸಂಗತಿ. ನಮ್ಮ ವರ್ಗದ ಒಬ್ಬ ಹುಡುಗಿ ಪಾಠ ಓದುವಾಗ ನೈಫ್ ಎಂಬುದನ್ನು "ಕ್ನೈಫ್" ಎಂದು ಓದಿದಳು. ನಾನು, "ಸುಮ್ಕಿರ್ರೋ, ಇಂಗ್ಲಿಷ್ ಅಕ್ಕಾರು ಓದಾಕತ್ತಾರ" ಅಂದೆ. ಎಲ್ಲರೂ ನಕ್ಕರು. ನನಗೆ ಭಾಳ ಖುಷಿ ಆಯಿತು. ಆದರೆ ಅವಳು ಮರುದಿನದಿಂದ ಓದಲು ಏಳಲೇ ಇಲ್ಲ. ಕೇಳಿದರೆ "ಬರಂಗಿಲ್ರೀ ಸರ್" ಅನ್ನುತ್ತಿದ್ದಳು.

ಒಂದು ವಾರದ ಮೇಲೆ ನನ್ನ ಪಾಳಿ ಬಂತು. ಐಲೆಂಡ್ ಎಂಬುದನ್ನು ನಾನು ಎದೆ ಉಬ್ಬಿಸಿ "ಇಸ್ಲ್ಯಾಂಡ್" ಎಂದು ಓದಿದೆ! ಅವಳು ಓದಬಾರದ ಅಕ್ಷರ ಓದಿದ್ದಳು, ನಾನೂ ಅದನ್ನೇ ಮಾಡಿದೆ. ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ. ಗುರುಗಳು, "ನೋಡಪಾ, ಇದಕ್ಕ ಐರನಿ ಅಂತಾರ" ಅಂದರು. ಆ ಪದದ ಅರ್ಥ ನಾನು ಸಾಯೋತನಕ ಮರೆಯುವುದಿಲ್ಲ.

ಬಿಟ್ಟ ಮೇಲೆ ಅವಳ ಹತ್ತಿರ ಹೋಗಿ "ತಪ್ಪಾತು" ಅಂದೆ. ಇದನ್ನು ಮಾತ್ರ ನೆಟ್ಟಗೆ ಹೇಳಿದೆ, ಉಲ್ಟಾ ಅರ್ಥ ಇರಲಿಲ್ಲ. ಈಗ ಅವಳು ಮತ್ತೆ ಓದುತ್ತಾಳೆ.

ಬಸವಣ್ಣನವರ ಮಾತು ತಪ್ಪು ರೂಢಿಗೆ ತಾಗಿತ್ತು. ನನ್ನ ಮಾತು ಕಲಿಯುವವಳಿಗೆ ತಾಗಿತ್ತು. ಕೊಂಕು ಆಡುವ ಮೊದಲು ಅದು ಯಾರಿಗೆ ತಾಗುತ್ತದೆ ಎಂದು ನೋಡಬೇಕು.

ನೀವೂ ಗುರುತಿಸಿರಿ:

ಅ) ಮಸಿ ಚೆಲ್ಲಿದ ಹಾಳೆ ನೋಡಿ, "ವಾಟ್ ಎ ಕ್ಲೀನ್ ನೋಟ್‌ಬುಕ್!"

ಆ) ಈಜು ಕಲಿಸುವವನೇ ಬಾವಿಗೆ ಬಿದ್ದು "ಹಿಡೀರೋ" ಎಂದು ಕೂಗಿದ.

(ಉತ್ತರ: ಅ. ಸಾರ್ಕ್ಯಾಸಂ, ಆ. ಐರನಿ)