ಗ್ರಾಮಸಭೆಯ ಹಾಗೂ ಮನೆಯ ವೀಡಿಯೋ ಡಿಸ್ಕ್‌ಗಳು: ಮೂಲವನ್ನು ಉಳಿಸಿ, ಪ್ರತಿಯನ್ನು ಕುಗ್ಗಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ: ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿರುವ ವೀಡಿಯೋಗಳನ್ನು ಕಂಪ್ಯೂಟರಿಗೆ ವರ್ಗಾಯಿಸುವ ಹಾಗೂ ಮೊಬೈಲಿನಲ್ಲಿ ನೋಡಲು ಅನುಕೂಲವಾಗುವಂತೆ ಕುಗ್ಗಿಸುವ ವಿಧಾನವನ್ನು ಮಾನ್ಯ ಸದಸ್ಯರು ಅರಿಯುವುದು. ಯಾವ ಪ್ರತಿಯನ್ನು ಎಂದಿಗೂ ಕುಗ್ಗಿಸಬಾರದು ಎಂಬುದನ್ನು ತಿಳಿದು ಪಂಚಾಯತಿಯಲ್ಲಿ ನಿರ್ಣಯ ಕೈಗೊಳ್ಳಲು ಸಮರ್ಥರಾಗುವುದು.

1. ಹಿನ್ನೆಲೆ

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ನದಿಯ ಪ್ರವಾಹವು ಮುಧೋಳ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ನುಗ್ಗಿತು. ನೀರಿನಲ್ಲಿ ಹೋದ ಹೊಲದ ಉತಾರಕ್ಕೆ, ಪಡಿತರ ಚೀಟಿಗೆ ಕಚೇರಿಯಿಂದ ಮತ್ತೊಂದು ಪ್ರತಿ ಪಡೆಯಬಹುದು. ಆದರೆ ಹಾಳಾದ ಲಗ್ನದ ಡಿಸ್ಕಿಗೆ ಎರಡನೆಯ ಪ್ರತಿ ಯಾವ ಕಚೇರಿಯಲ್ಲಿಯೂ ಇರುವುದಿಲ್ಲ.

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಮನೆಮಾರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳ ಮಟ್ಟಿಗೆ ಈ ಮಾತು ಇನ್ನೂ ಗಂಭೀರವಾದುದು. ಮುಳುಗಿದ ಊರಿನ ಅಗಸಿ, ಗುಡಿಯ ಕಟ್ಟೆ, ಹಳೆಯ ಮನೆಯ ಪಡಸಾಲೆ ಇವು ಈಗ ಕಾಣಸಿಗುವುದು ಅಂದಿನ ಲಗ್ನ, ಜಾತ್ರೆ, ಪಾರಿಜಾತದ ಆಟಗಳ ಚಿತ್ರೀಕರಣದಲ್ಲಿ ಮಾತ್ರ ಇರಬಹುದು. ಅಂತೆಯೇ ಗ್ರಾಮ ಪಂಚಾಯತಿಯ ಕಪಾಟಿನಲ್ಲಿ ಹಿಂದಿನ ಗ್ರಾಮಸಭೆಗಳ ಡಿಸ್ಕ್‌ಗಳಿದ್ದರೆ, ಅವು ಯಾರು ಏನು ಕೇಳಿದರು, ಸಭೆ ಏನು ಒಪ್ಪಿತು ಎಂಬುದಕ್ಕೆ ಸಾಕ್ಷಿಯಾಗಿರುತ್ತವೆ.

2. ಡಿಸ್ಕ್ ಕೆಡುವ ಬಗೆ

ಸ್ಟುಡಿಯೋದಲ್ಲಿ ಬರೆದುಕೊಡುವ ಡಿಸ್ಕಿನಲ್ಲಿ ತೆಳುವಾದ ಬಣ್ಣದ ಪದರವೊಂದಿರುತ್ತದೆ. ಲೇಸರ್ ಕಿರಣವು ಆ ಪದರದ ಮೇಲೆ ಗುರುತು ಮಾಡುತ್ತದೆ. ಬಿಸಿಲು, ಸೆಕೆ ಹಾಗೂ ತೇವದಿಂದ ಈ ಬಣ್ಣವು ಕ್ರಮೇಣ ಕೆಡುತ್ತದೆ. ಸಿ.ಡಿ.ಯಲ್ಲಿ ಮಾಹಿತಿಯ ಪದರವು ಹೆಸರು ಬರೆಯುವ ಮೇಲ್ಭಾಗಕ್ಕೆ ಅಂಟಿಕೊಂಡಂತೆಯೇ ಇರುತ್ತದೆ. ಆದುದರಿಂದ ಮೇಲ್ಭಾಗದ ಗೀರು ಕೆಳಭಾಗದ ಗೀರಿಗಿಂತ ಹೆಚ್ಚು ಅಪಾಯಕಾರಿ. ಡಿ.ವಿ.ಡಿ.ಯಲ್ಲಿ ಅದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ. ಇದಲ್ಲದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಓದುವ ಡ್ರೈವ್ ಇರುವುದೇ ಅಪರೂಪವಾಗಿದೆ. ಹೀಗಾಗಿ ಡಿಸ್ಕ್ ಚೆನ್ನಾಗಿದ್ದರೂ ಅದನ್ನು ಓದುವ ಸಾಧನ ಕೈಗೆ ಸಿಗದಂತಾಗುತ್ತಿದೆ.

3. ಕುಗ್ಗಿಸುವಿಕೆ ಎಂದರೇನು?

ಸಭೆಯ ವೀಡಿಯೋದಲ್ಲಿ ಗೋಡೆ, ವೇದಿಕೆ, ಮೇಜು ಒಂದು ಕ್ಷಣದಿಂದ ಇನ್ನೊಂದು ಕ್ಷಣಕ್ಕೆ ಬದಲಾಗುವುದಿಲ್ಲ. ಕುಗ್ಗಿಸುವ ತಂತ್ರಾಂಶವು ಬದಲಾದುದನ್ನು ಮುಖ್ಯವಾಗಿ ದಾಖಲಿಸಿ, ಕಣ್ಣು ಗಮನಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ವಿ.ಸಿ.ಡಿ.ಯಲ್ಲಿ ಎಂಪೆಗ್-1, ಡಿ.ವಿ.ಡಿ.ಯಲ್ಲಿ ಎಂಪೆಗ್-2 ಎಂಬ ವಿಧಾನಗಳು ಬಳಕೆಯಾಗಿವೆ. 2003ರಲ್ಲಿ ಜಾರಿಗೆ ಬಂದ ಎಚ್.264 ವಿಧಾನವು ಇವೆರಡಕ್ಕಿಂತ ದಕ್ಷವಾದುದು. ಇಂದಿನ ಮೊಬೈಲುಗಳೆಲ್ಲ ಅದನ್ನು ಓದಬಲ್ಲವು.

ಕಡತದ ಗಾತ್ರದ ಲೆಕ್ಕ ಸರಳವಾಗಿದೆ: ಒಂದು ಸೆಕೆಂಡಿಗೆ ಬಳಕೆಯಾಗುವ ಬಿಟ್‌ಗಳನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಬೇಕು.

ವಿ.ಸಿ.ಡಿ.: ಚಿತ್ರಕ್ಕೆ 1150, ಧ್ವನಿಗೆ 224, ಒಟ್ಟು 1374 ಕಿಲೋಬಿಟ್. ಒಂದು ಗಂಟೆಗೆ ಸುಮಾರು 618 ಎಂ.ಬಿ.

ಡಿ.ವಿ.ಡಿ.: 4.7 ಜಿ.ಬಿ. ಡಿಸ್ಕಿನಲ್ಲಿ ಎರಡು ಗಂಟೆಯ ವೀಡಿಯೋ ತುಂಬಿದ್ದರೆ ಸೆಕೆಂಡಿಗೆ ಸುಮಾರು 5200 ಕಿಲೋಬಿಟ್.

ಅದೇ ಎರಡು ಗಂಟೆಯ ಡಿ.ವಿ.ಡಿ.ಯನ್ನು ಎಚ್.264ರಲ್ಲಿ 1500 ಕಿಲೋಬಿಟ್‌ಗೆ ಕುಗ್ಗಿಸಿದರೆ: ಸುಮಾರು 1.35 ಜಿ.ಬಿ.

ಹೀಗೆ ಗಾತ್ರವು ಮೂರರಲ್ಲೊಂದು ಪಾಲಿಗಿಂತ ಕಡಿಮೆಯಾದರೂ ನೋಡುವವರಿಗೆ ಹೆಚ್ಚಿನ ವ್ಯತ್ಯಾಸ ತೋರುವುದಿಲ್ಲ. ಆದರೆ ಒಮ್ಮೆ ಕೈಬಿಟ್ಟ ವಿವರ ಮರಳಿ ಬಾರದು. ಕಬ್ಬು ಗಾಣಕ್ಕೆ ಹೋದರೆ ಬೆಲ್ಲವಾಗುತ್ತದೆ. ಬೆಲ್ಲ ಮತ್ತೆ ಕಬ್ಬಾಗುವುದಿಲ್ಲ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಪ್ರತಿ ಸಲವೂ ಮುಖಗಳು ಮಸುಕಾಗುತ್ತವೆ.

4. ಅನುಸರಿಸಬೇಕಾದ ಕ್ರಮ

(ಅ) ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಬಾರದು.

(ಆ) ಮೊದಲು ಡಿಸ್ಕಿನ ಯಥಾವತ್ ಪ್ರತಿ ಮಾಡಬೇಕು. ಉಚಿತವಾಗಿ ದೊರೆಯುವ ಇಮ್ಗ್‌ಬರ್ನ್ ತಂತ್ರಾಂಶವು ಡಿ.ವಿ.ಡಿ.ಯನ್ನು ಐ.ಎಸ್.ಒ. ಎಂಬ ಒಂದೇ ಕಡತವಾಗಿ ಉಳಿಸುತ್ತದೆ. ವಿ.ಸಿ.ಡಿ.ಯ ರಚನೆ ಬೇರೆಯಾದುದರಿಂದ ಅದಕ್ಕೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳು ಬರುತ್ತವೆ. ಎರಡನ್ನೂ ಒಟ್ಟಿಗೆ ಇಡಬೇಕು.

(ಇ) ನೋಡುವ ಪ್ರತಿಯನ್ನು ಈ ಯಥಾವತ್ ಪ್ರತಿಯಿಂದಲೇ ತಯಾರಿಸಬೇಕು. ಉಚಿತ ತಂತ್ರಾಂಶವಾದ ಹ್ಯಾಂಡ್‌ಬ್ರೇಕ್‌ನಲ್ಲಿ ಡಿ.ವಿ.ಡಿ.ಯ ಕಡತವನ್ನು ತೆರೆದು ಎಂ.ಪಿ.4 ಹಾಗೂ ಎಚ್.264 ಆಯ್ದುಕೊಳ್ಳಬೇಕು. ಗುಣಮಟ್ಟದ ಅಂಕವನ್ನು 18ರಿಂದ 22ರೊಳಗೆ ಇಡಬೇಕು. ಇಲ್ಲಿ ಅಂಕ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಗಾತ್ರವೂ ಹೆಚ್ಚು.

(ಈ) ಹಳೆಯ ಕ್ಯಾಮೆರಾದ ಚಿತ್ರದಲ್ಲಿ ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಂಡರೆ ಡಿಇಂಟರ್ಲೇಸ್ ಆಯ್ಕೆಯನ್ನು ಬಳಸಬೇಕು. ಮುಖಗಳು ಅಗಲವಾಗಿಯೋ ಉದ್ದವಾಗಿಯೋ ಎಳೆದಂತೆ ಕಾಣದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

(ಉ) ವಿ.ಸಿ.ಡಿ.ಯ ಚಿತ್ರ 352 ಗುಣಿಸು 288 ಬಿಂದುಗಳಷ್ಟೇ ಇರುತ್ತದೆ. ಅದನ್ನು ದೊಡ್ಡ ಅಳತೆಗೆ ಪರಿವರ್ತಿಸಿದರೆ ಕಡತ ಬೆಳೆಯುತ್ತದೆಯೇ ಹೊರತು ಚಿತ್ರ ಸ್ಪಷ್ಟವಾಗುವುದಿಲ್ಲ.

(ಊ) ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು, ಸಂದರ್ಭ ಇವುಗಳನ್ನು ಅದೇ ಅನುಕ್ರಮದಲ್ಲಿ ಬರೆಯಬೇಕು. ‘ಹೊಸದು’, ‘ವೀಡಿಯೋ 1’ ಎಂಬ ಹೆಸರುಗಳು ಎರಡು ವರ್ಷದ ನಂತರ ಯಾರಿಗೂ ಅರ್ಥವಾಗುವುದಿಲ್ಲ.

(ಋ) ಎರಡು ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟು, ಒಂದನ್ನು ಬೇರೆ ಕಟ್ಟಡದಲ್ಲಿ, ಪ್ರವಾಹದ ನೀರು ತಲುಪದ ಎತ್ತರದಲ್ಲಿ ಇರಿಸಬೇಕು.

40 ಡಿ.ವಿ.ಡಿ.ಗಳು ಪೂರ್ಣ ತುಂಬಿದ್ದರೂ ಒಟ್ಟು 188 ಜಿ.ಬಿ. ಮಾತ್ರ, 500 ಜಿ.ಬಿ. ಹಾರ್ಡ್‌ಡಿಸ್ಕಿನ ಅರ್ಧಭಾಗವೂ ಬೇಕಾಗದು. ಆದುದರಿಂದ ಜಾಗ ಸಾಲದೆಂದು ಯಥಾವತ್ ಪ್ರತಿಯನ್ನು ಅಳಿಸುವುದಕ್ಕೆ ಇಂದು ಕಾರಣವಿಲ್ಲ. ಕುಗ್ಗಿಸಿದ ಪ್ರತಿ ನೋಡುವುದಕ್ಕೆ, ಹಂಚುವುದಕ್ಕೆ. ಯಥಾವತ್ ಪ್ರತಿ ಉಳಿಸುವುದಕ್ಕೆ. ವಾಟ್ಸ್ಆ್ಯಪ್‌ನಲ್ಲಿ ವೀಡಿಯೋ ಆಗಿ ಕಳುಹಿಸಿದ್ದು ದಾರಿಯಲ್ಲಿ ಮತ್ತೊಮ್ಮೆ ಕುಗ್ಗುವುದರಿಂದ ಅದನ್ನು ದಾಖಲೆಯೆಂದು ಇಟ್ಟುಕೊಳ್ಳಬಾರದು.

5. ಗ್ರಾಮಸಭೆಯ ಡಿಸ್ಕ್‌ಗಳು

ಮಹಾತ್ಮಾ ಗಾಂಧಿ ಉದ್ಯೋಗ ಖಾತ್ರಿ ಯೋಜನೆಯ ಸಾಮಾಜಿಕ ಪರಿಶೋಧನೆಯಲ್ಲಿ ನಡಾವಳಿಯನ್ನು ಚಿತ್ರೀಕರಿಸಿ, ಕುಗ್ಗಿಸಿ, ಸಂಕಲನ ಮಾಡದೆ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮ ರೂಪುಗೊಂಡಿತ್ತು. ಕುಗ್ಗಿಸುವುದು ಬೇರೆ, ಕತ್ತರಿಸುವುದು ಬೇರೆ ಎಂಬ ತತ್ತ್ವ ಇದರಲ್ಲಿ ಅಡಗಿದೆ. ಭಾಷಣ ಉಳಿಸಿ ಪ್ರಶ್ನೆ ತೆಗೆದ ವೀಡಿಯೋ ದಾಖಲೆಯಾಗದು. ಧ್ವನಿಯನ್ನು ಮಿತಿಮೀರಿ ಕುಗ್ಗಿಸಿದರೂ ಪರಿಣಾಮ ಅದೇ: ಧ್ವನಿವರ್ಧಕದ ಮುಂದೆ ಮಾತನಾಡಿದವರ ಮಾತು ಕೇಳಿಸುತ್ತದೆ, ಹಿಂದಿನ ಸಾಲಿನಲ್ಲಿ ಕುಳಿತು ಮನೆಯ ಹಂಚಿಕೆಯ ಬಗ್ಗೆ ಕೇಳಿದ ಹೆಣ್ಣುಮಗಳ ಪ್ರಶ್ನೆ ಗದ್ದಲದಲ್ಲಿ ಕರಗಿಹೋಗುತ್ತದೆ. ಆದುದರಿಂದ ಧ್ವನಿಗೆ 128 ಕಿಲೋಬಿಟ್‌ಗಿಂತ ಕಡಿಮೆ ಇಡದಿರುವುದು ಸೂಕ್ತ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4ರ ಪ್ರಕಾರ ಸಾರ್ವಜನಿಕ ಪ್ರಾಧಿಕಾರವು ತನ್ನ ದಾಖಲೆಗಳನ್ನು ಸೂಚಿಕೆಯೊಡನೆ ವ್ಯವಸ್ಥಿತವಾಗಿ ಇಡಬೇಕು. ಪ್ರಕರಣ 2ರಲ್ಲಿ ಮಾಹಿತಿಯನ್ನು ವೀಡಿಯೋ ಹಾಗೂ ಇತರ ವಿದ್ಯುನ್ಮಾನ ರೂಪದಲ್ಲಿ ಪಡೆಯುವುದೂ ಹಕ್ಕಿನಲ್ಲಿ ಸೇರಿದೆ. ಡಿಸ್ಕ್ ಕಪಾಟಿನಲ್ಲಿದ್ದೂ ಓದಲು ಬಾರದಿದ್ದರೆ, ಕೇಳಿದ ನಾಗರಿಕನಿಗೆ ಅದು ಇಲ್ಲದಂತೆಯೇ.

6. ಕುಟುಂಬಗಳ ಡಿಸ್ಕ್‌ಗಳು

ಕಂಪ್ಯೂಟರ್ ಇರುವ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ದಿನವನ್ನು ಈ ಕೆಲಸಕ್ಕೆ ಮೀಸಲಿಡಬಹುದು. ಯು.ಎಸ್.ಬಿ. ಮೂಲಕ ಜೋಡಿಸುವ ಡಿ.ವಿ.ಡಿ. ಡ್ರೈವ್ ಒಂದಿದ್ದರೆ ಸಾಕು. ಪ್ರತಿ ಮಾಡಿದ ಡಿಸ್ಕನ್ನು ಅದೇ ದಿನ ಮನೆಯವರಿಗೆ ಹಿಂದಿರುಗಿಸಬೇಕು. ಅವರ ಒಪ್ಪಿಗೆಯಿಲ್ಲದೆ ಲಗ್ನ, ಸೀಮಂತಗಳ ವೀಡಿಯೋಗಳನ್ನು ಯಾರಿಗೂ ತೋರಿಸಬಾರದು, ಹಂಚಬಾರದು. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿಸ್ಕ್‌ಗಳನ್ನು ಇಲ್ಲಿ ಸ್ವೀಕರಿಸಬಾರದು. ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಪ್ರತಿ-ತಡೆ ವ್ಯವಸ್ಥೆಯನ್ನು ಮುರಿಯುವುದು ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕರಣ 65ಎ ಅಡಿಯಲ್ಲಿ ಅಪರಾಧ.

ಮುಳುಗಡೆಯಾದ ಊರಿನ ಚಿತ್ರಣವಿರುವ ಡಿಸ್ಕ್ ಬಂದಾಗ, ಮನೆಯವರು ಒಪ್ಪಿದರೆ ಹಿರಿಯರನ್ನು ಕೂರಿಸಿಕೊಂಡು ಅದನ್ನು ನೋಡಬೇಕು. ಇದು ಯಾರ ಮನೆ, ಈ ಗುಡಿ ಯಾವುದು, ಬಾಜಾ ಬಾರಿಸುತ್ತಿರುವವರು ಯಾರು ಎಂದು ಕೇಳಿ, ನಿಮಿಷದ ಸಂಖ್ಯೆಯೊಡನೆ ವಹಿಯಲ್ಲಿ ಬರೆದುಕೊಳ್ಳಬೇಕು. ಕೆಟ್ಟ ಡಿಸ್ಕಿನಿಂದ ಕೆಲವೊಮ್ಮೆ ಚಿತ್ರವನ್ನು ಮರಳಿ ಪಡೆಯಬಹುದು. ಹೆಸರು ಬಲ್ಲ ಹಿರಿಯರು ಹೋದ ಮೇಲೆ ಹೆಸರುಗಳನ್ನು ಮರಳಿ ಪಡೆಯಲಾಗದು.

7. ಚರ್ಚೆಗೆ ಪ್ರಶ್ನೆಗಳು

1) ಪಂಚಾಯತಿಯ ಕಪಾಟಿನಲ್ಲಿ ಎಷ್ಟು ಡಿಸ್ಕ್‌ಗಳಿವೆ? ಅವುಗಳಲ್ಲಿ ಎಷ್ಟು ಇಂದಿಗೂ ಓದಲು ಬರುತ್ತವೆ?
2) ಮೂರು ಗಂಟೆಯ ಸಭೆಯನ್ನು 1200 ಕಿಲೋಬಿಟ್‌ಗೆ ಕುಗ್ಗಿಸಿದರೆ ಕಡತದ ಗಾತ್ರವೆಷ್ಟು? (ಉತ್ತರ: 1.62 ಜಿ.ಬಿ.)
3) ಎರಡನೆಯ ಹಾರ್ಡ್‌ಡಿಸ್ಕನ್ನು ಯಾವ ಕಟ್ಟಡದಲ್ಲಿ, ಯಾರ ಜವಾಬ್ದಾರಿಯಲ್ಲಿ ಇಡಬೇಕು?

ಮಾನ್ಯ ಸದಸ್ಯರು ಮುಂದಿನ ಸಾಮಾನ್ಯ ಸಭೆಗೆ ಮುನ್ನ ಮೊದಲನೆಯ ಪ್ರಶ್ನೆಗೆ ಎಣಿಕೆಯಿಂದಲೇ ಉತ್ತರ ಕಂಡುಕೊಂಡು, ಮೂರನೆಯದನ್ನು ಸಭೆಯಲ್ಲಿ ಮಂಡಿಸಿ ನಿರ್ಣಯಿಸುವುದು ಅಪೇಕ್ಷಣೀಯ.